ಹಳೆಯ ಲೈಟಿಂಗ್ ಬೋರ್ಡ್ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಊರಿನ ರಂಗಮಂದಿರ, ಕಾಲೇಜಿನ ಸಭಾಂಗಣ, ಹವ್ಯಾಸಿ ತಂಡದ ಟ್ರಂಕು, ಎಲ್ಲಿ ಹುಡುಕಿದರೂ ಒಂದು ಹಳೆಯ ಲೈಟಿಂಗ್ ಬೋರ್ಡ್, ಅಂದರೆ ಸ್ಟೇಜ್ ಲೈಟ್‌ಗಳ ಬೆಳಕನ್ನು ಏರಿಸಿ ಇಳಿಸುವ ಪೆಟ್ಟಿಗೆ, ಸಿಗುತ್ತದೆ. 12 ಅಥವಾ 24 ಚಾನೆಲ್ (ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದಾದ ಲೈಟಿನ ದಾರಿಗಳು), ಮೇಲೊಂದು ಕೆಳಗೊಂದು ಪ್ರಿಸೆಟ್ ಸಾಲು (ಒಂದೊಂದು ದೃಶ್ಯದ ಬೆಳಕನ್ನು ಮೊದಲೇ ಹೊಂದಿಸಿಡುವ ಫೇಡರ್‌ಗಳು, ಅಂದರೆ ಜಾರುಗುಂಡಿಗಳು), ಬಲಕ್ಕೆ ಇಡೀ ಸಾಲನ್ನು ಒಟ್ಟಿಗೆ ಏರಿಸಿ ಇಳಿಸುವ ಮಾಸ್ಟರ್‌ಗಳು. ಒಂದೆರಡು ಚಾನೆಲ್ ಕೈಕೊಟ್ಟ ಕೂಡಲೇ "ಹಳೇದಾಯ್ತು, ಗುಜರಿಗೆ ಹಾಕಿ" ಅನ್ನುವವರೇ ಜಾಸ್ತಿ. ದಯವಿಟ್ಟು ಹಾಕಬೇಡಿ. ಇವುಗಳ ಒಳಗಿರುವ ಭಾಗಗಳಲ್ಲಿ ಹೆಚ್ಚಿನವು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಇವತ್ತಿಗೂ ಸಿಗುತ್ತವೆ. ಕೆಡುವುದೂ ಹೆಚ್ಚಾಗಿ ಅದೇ ನಾಲ್ಕೈದು ಭಾಗ: ಫೇಡರ್, ಕೇಬಲ್, ಪವರ್ ಸಪ್ಲೈ, ಬ್ಯಾಟರಿ, ಸಾಕೆಟ್.

ಬೋರ್ಡ್ ಆನ್ ಇದೆ, ಆದರೆ ಸ್ಟೇಜ್ ಮೇಲೆ ಒಂದು ಲೈಟೂ ಬರುತ್ತಿಲ್ಲ. ಮೊದಲು ಏನು ನೋಡಲಿ?

ಸ್ಕ್ರೂಡ್ರೈವರ್ ಪಕ್ಕಕ್ಕಿಡಿ. ಎಲ್ಲ ಲೈಟನ್ನೂ ಒಮ್ಮೆಲೇ ಆರಿಸುವ ಬ್ಲ್ಯಾಕ್‌ಔಟ್ ಬಟನ್ ಒತ್ತಿದ ಸ್ಥಿತಿಯಲ್ಲಿದೆಯಾ ನೋಡಿ. ಇಡೀ ಬೋರ್ಡಿಗೆ ಒಂದೇ ಆದ ಗ್ರ್ಯಾಂಡ್ ಮಾಸ್ಟರ್ ಇದ್ದರೆ ಅದು ಮೇಲಿದೆಯಾ ನೋಡಿ. ಆಮೇಲೆ ಎರಡು ಪ್ರಿಸೆಟ್ ಸಾಲುಗಳ ಎ ಮತ್ತು ಬಿ ಮಾಸ್ಟರ್.

ಹೊಸಬರು ಎಡವುವುದು ಇಲ್ಲೇ. ಬಹಳಷ್ಟು ಎರಡು ಪ್ರಿಸೆಟ್ ಬೋರ್ಡ್‌ಗಳಲ್ಲಿ ಬಿ ಮಾಸ್ಟರ್ ಉಲ್ಟಾ ಇರುತ್ತದೆ. ಎ ಮಾಸ್ಟರ್ ಮೇಲಿದ್ದಾಗ ಫುಲ್, ಬಿ ಮಾಸ್ಟರ್ ಕೆಳಗಿದ್ದಾಗ ಫುಲ್. ಎರಡನ್ನೂ ಜೊತೆಗೆ ಹಿಡಿದು ಒಂದೇ ದಿಕ್ಕಿಗೆ ತಳ್ಳಿದರೆ ಒಂದು ದೃಶ್ಯ ಇಳಿಯುತ್ತಾ ಇನ್ನೊಂದು ಏರಲಿ ಅಂತ ಹಾಗೆ ಮಾಡಿರುತ್ತಾರೆ. ಗೊತ್ತಿಲ್ಲದವರು ಬಿ ಸಾಲಿನ ಫೇಡರ್ ಎತ್ತಿ, ಬಿ ಮಾಸ್ಟರನ್ನೂ ಎತ್ತಿ, ಲೈಟ್ ಬರದೆ "ಬೋರ್ಡ್ ಸತ್ತಿದೆ" ಎಂದು ಬರೆದು ಅಂಟಿಸಿಬಿಡುತ್ತಾರೆ.

ತೊಂದರೆ ಬೋರ್ಡ್‌ನಲ್ಲಿದೆಯೋ, ಡಿಮ್ಮರ್‌ನಲ್ಲೋ, ಕೇಬಲ್‌ನಲ್ಲೋ, ಲೈಟ್‌ನಲ್ಲೋ? ತಿಳಿಯುವುದು ಹೇಗೆ?

ಬೋರ್ಡ್ ಹೇಳಿದಷ್ಟು ಕರೆಂಟನ್ನು ಲೈಟಿಗೆ ಕೊಡುವ ಪೆಟ್ಟಿಗೆಯೇ ಡಿಮ್ಮರ್. ಇಡೀ ರಿಪೇರಿ ಕೆಲಸದಲ್ಲಿ ಇದೇ ದೊಡ್ಡ ಪ್ರಶ್ನೆ. ಇದಕ್ಕೆ ಸರಿಯಾಗಿ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಬೋರ್ಡ್ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ಬೋರ್ಡ್‌ನವೇ ಅಲ್ಲ.

ಅದಲು ಬದಲು ಮಾಡಿ ನೋಡುವುದೇ ಸರಿಯಾದ ದಾರಿ. ಐದನೇ ಚಾನೆಲ್ ಬರುತ್ತಿಲ್ಲ ಅಂದುಕೊಳ್ಳಿ. ಐದರ ಡಿಮ್ಮರಿಗೆ ಹಾಕಿರುವ ಲೈಟಿನ ಪ್ಲಗ್ ತೆಗೆದು ಆರಕ್ಕೆ ಹಾಕಿ. ಆರರ ಫೇಡರ್ ಎತ್ತಿದಾಗ ಲೈಟ್ ಬಂದರೆ ಬಲ್ಬು, ಹೋಲ್ಡರ್, ಲೈಟಿನ ವೈರು ಎಲ್ಲ ಸರಿಯಿವೆ. ಬರದಿದ್ದರೆ ಬೋರ್ಡ್ ಪಾಪ, ಅದರ ತಪ್ಪೇನೂ ಇಲ್ಲ. ಬಲ್ಬು ಬದಲಿಸಿ. ಲೈಟ್ ಸರಿಯಿದ್ದರೆ ಡಿಮ್ಮರಿನ ಫ್ಯೂಸ್ ಅಥವಾ ಎಂಸಿಬಿ ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಅನಲಾಗ್ ಡಿಮ್ಮರ್ ಆಗಿದ್ದರೆ ಬೋರ್ಡ್ ಇಲ್ಲದೆಯೇ ಅದನ್ನು ಪರೀಕ್ಷೆ ಮಾಡಬಹುದು. ಇಂಥ ಡಿಮ್ಮರ್‌ಗಳು ಪ್ರತಿ ಚಾನೆಲ್‌ಗೆ 0 ಇಂದ 10 ವೋಲ್ಟ್ ಡಿಸಿ ಕಾಯುತ್ತಾ ಇರುತ್ತವೆ. 0 ಅಂದರೆ ಕತ್ತಲೆ, 10 ಅಂದರೆ ಪೂರ್ತಿ ಬೆಳಕು. ಬೋರ್ಡಿನ ಕೇಬಲ್ ಕಳಚಿ, ಒಂದು 9 ವೋಲ್ಟ್ ಬ್ಯಾಟರಿಯ ಮೈನಸ್ ಅನ್ನು ಕಾಮನ್ (ಎಲ್ಲ ಚಾನೆಲ್‌ಗೂ ಒಂದೇ ಆದ ವಾಪಸ್ ವೈರಿನ) ಪಿನ್ನಿಗೂ ಪ್ಲಸ್ ಅನ್ನು ಆ ಚಾನೆಲ್‌ನ ಪಿನ್ನಿಗೂ ಮುಟ್ಟಿಸಿ. ಲೈಟ್ ಹೆಚ್ಚುಕಮ್ಮಿ ಪೂರ್ತಿ ಬಂದರೆ ಡಿಮ್ಮರ್ ಸರಿಯಿದೆ. ಆದರೆ ಡಿಮ್ಮರಿನ ಮೇಲೆ ಬರೆದಿರುವುದನ್ನು ಮೊದಲು ಓದಿ. ಸ್ಟ್ರಾಂಡ್ ಕಂಪನಿಯ ಟೆಂಪಸ್ ಸರಣಿಯಂಥ ಕೆಲವು ಹಳೆಯವು ಮೈನಸ್ 10 ವೋಲ್ಟ್‌ಗೆ ಕೆಲಸ ಮಾಡುತ್ತವೆ. ಅವಕ್ಕೆ ಬ್ಯಾಟರಿ ತಿರುಗಿಸಿ ಹಿಡಿಯಬೇಕು.

ಇನ್ನು ಬೋರ್ಡಿನ ಸರದಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಕಡ್ಡಿ ಕಾಮನ್‌ಗೆ, ಕೆಂಪು ಕಡ್ಡಿ ಚಾನೆಲ್ ಪಿನ್ನಿಗೆ. ಫೇಡರನ್ನು ನಿಧಾನ ಮೇಲೆತ್ತಿ. ಅಂಕಿ ನಯವಾಗಿ 0 ಇಂದ 10ರ ಹತ್ತಿರಕ್ಕೆ ಏರಬೇಕು. 9.5 ಆಸುಪಾಸಿನಲ್ಲಿ ನಿಂತರೆ ಗಾಬರಿ ಬೇಡ, ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಅಷ್ಟನ್ನು ತಿನ್ನುತ್ತದೆ. ಇಲ್ಲಿ ಸರಿಯಾಗಿ ಏರಿ ಡಿಮ್ಮರ್ ತುದಿಯಲ್ಲಿ ಏರದಿದ್ದರೆ ತಪ್ಪು ಕೇಬಲ್‌ನದು.

ಬಿಚ್ಚುವ ಮೊದಲು ಏನು ಎಚ್ಚರಿಕೆ?

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಜಾಗದಲ್ಲಿ ಇಡಿ. ನೀವು ಬೋರ್ಡ್ ಕೆಳಗೆ ತಲೆ ಹಾಕಿರುವಾಗ ಇನ್ಯಾರೋ ಬಂದು ಸ್ವಿಚ್ ಹಾಕುವುದು ರಂಗಮಂದಿರದಲ್ಲಿ ತೀರಾ ಸಹಜ. ಸ್ವಿಚ್ ಮೋಡ್ ಪವರ್ ಸಪ್ಲೈ ಇರುವ ಬೋರ್ಡ್‌ಗಳಲ್ಲಿ ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೆ ಉಳಿದಿರಬಹುದು. ಐದು ನಿಮಿಷ ಕಾದು, ಮೀಟರಿನಲ್ಲಿ ಅಳೆದು, ಆಮೇಲೆ ಕೈ ಹಾಕಿ.

ಡಿಮ್ಮರ್ ರ‍್ಯಾಕ್ ಬೇರೆಯೇ ವಿಷಯ. ಅಲ್ಲಿ ಮೂರು ಫೇಸ್ ಬಂದಿರುತ್ತದೆ. ಎಲೆಕ್ಟ್ರಿಷಿಯನ್ ಅಲ್ಲದವರು ಅದನ್ನು ಬಿಚ್ಚಲೇಬಾರದು. ಸೌಂಡಿನಲ್ಲಿ ಹಮ್ ಬರುತ್ತೆ ಅಂತ ಬೋರ್ಡಿನ ಅಥವಾ ಡಿಮ್ಮರಿನ ಅರ್ತ್ ವೈರ್ ಕತ್ತರಿಸುವ ಅಭ್ಯಾಸ ಕೆಲವು ಕಡೆ ಇದೆ. ಅದು ಜೀವ ತೆಗೆಯುವ ಕೆಲಸ. ಹಾಗೆ ಕತ್ತರಿಸಿದ್ದು ಕಂಡರೆ ಬೇರೆ ಎಲ್ಲಕ್ಕಿಂತ ಮೊದಲು ಅದನ್ನು ಸರಿಮಾಡಿ.

ಫೇಡರ್ ಎತ್ತುವಾಗ ಲೈಟ್ ನಯವಾಗಿ ಏರದೆ ಜಿಗಿಯುತ್ತದೆ. ಯಾಕೆ?

ಫೇಡರ್ ಅಂದರೆ ಒಂದು ಉದ್ದನೆಯ ಪೊಟೆನ್ಷಿಯೋಮೀಟರ್. ಒಳಗೆ ಕಪ್ಪು ಕಾರ್ಬನ್ ಪಟ್ಟಿ, ಅದರ ಮೇಲೆ ಜಾರುವ ಸಣ್ಣ ಲೋಹದ ನಾಲಿಗೆ. ನಾಲಿಗೆಗೂ ಪಟ್ಟಿಗೂ ನಡುವೆ ಧೂಳು ಸೇರಿದರೆ ಸಂಪರ್ಕ ತಪ್ಪಿ ತಪ್ಪಿ ಸಿಗುತ್ತದೆ. ಅದೇ ಸ್ಟೇಜ್ ಮೇಲೆ ಜಿಗಿತವಾಗಿ ಕಾಣುತ್ತದೆ.

ನಮ್ಮ ಕಡೆಯ ಬೋರ್ಡ್‌ಗಳಲ್ಲಿ ಈ ಧೂಳು ಬರೀ ಧೂಳಲ್ಲ. ಆಯುಧಪೂಜೆಗೆ ಬೋರ್ಡಿಗೂ ಅರಿಶಿನ ಕುಂಕುಮ ಹಚ್ಚುತ್ತೇವೆ, ಅಲ್ವಾ? ಹಚ್ಚಬೇಕಾದ್ದೇ. ಆದರೆ ಆ ಪುಡಿ ಫೇಡರಿನ ಸೀಳಿನಿಂದ ಸೀದಾ ಒಳಗೆ ಇಳಿಯುತ್ತದೆ. ಫೇಡರ್ ಬಿಚ್ಚಿದಾಗ ಕಪ್ಪು ಪಟ್ಟಿಯ ಅಂಚಿಗೆ ಕೆಂಪು ಗೆರೆಯಾಗಿ ಕೂತಿರುತ್ತದೆ, ಗ್ರೀಸಿನ ಜೊತೆ ಕಲಸಿ ಗಟ್ಟಿಯಾಗಿರುತ್ತದೆ. ಕುಂಕುಮವನ್ನು ಬೋರ್ಡಿನ ಪಕ್ಕದ ಕವಚಕ್ಕೆ ಇಡಿ, ಫೇಡರ್‌ಗಳ ಮೇಲೆ ಬಟ್ಟೆ ಹೊದಿಸಿ. ರಂಗಪೂಜೆಯ ಧೂಪ, ಮೇಕಪ್ ಪೌಡರ್, ಪರದೆಯ ನೂಲಿನ ದೂಳು ಎಲ್ಲಕ್ಕೂ ಆ ಹೊದಿಕೆಯೇ ಮದ್ದು.

ಸ್ವಚ್ಛ ಮಾಡುವುದು ಹೀಗೆ. ಮೊದಲು ಮೆತ್ತನೆ ಬ್ರಷ್, ಕೈಪಂಪಿನ ಗಾಳಿ. ಆಮೇಲೆ ಫೇಡರಿಗೆಂದೇ ಬರುವ, ಲೂಬ್ರಿಕೆಂಟ್ ಸೇರಿದ ಸ್ಪ್ರೇಯನ್ನು ಸಣ್ಣ ಕೊಳವೆಯಿಂದ ಸ್ವಲ್ಪವೇ ಬಿಡಿ. ಫೇಡರನ್ನು ಮೇಲಿಂದ ಕೆಳಗೆ ಇಪ್ಪತ್ತು ಮೂವತ್ತು ಸಲ ಓಡಿಸಿ. ಒಣಗಲು ಬಿಟ್ಟು ಆಮೇಲೆ ಆನ್ ಮಾಡಿ. ಬರೀ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದರೆ ಕೊಳೆ ಹೋಗುತ್ತದೆ, ಜೊತೆಗೆ ಗ್ರೀಸೂ ಹೋಗುತ್ತದೆ. ಫೇಡರ್ ಒರಟಾಗಿ, ಪಟ್ಟಿ ಬೇಗ ಸವೆಯುತ್ತದೆ.

ಇಷ್ಟಾದರೂ ಜಿಗಿತ ನಿಲ್ಲದಿದ್ದರೆ ಪಟ್ಟಿಯೇ ಸವೆದಿದೆ. ಭೂತಗನ್ನಡಿ ಹಿಡಿದರೆ ಕಾರ್ಬನ್ ಕಿತ್ತು ಕೆಳಗಿನ ತಳ ಕಾಣುವ ಗೆರೆ ಸಿಗುತ್ತದೆ. ಅಂಥದ್ದನ್ನು ಬದಲಿಸಲೇಬೇಕು.

ಒಂದು ಚಾನೆಲ್ ಅಲ್ಲ, ಇಡೀ ಸ್ಟೇಜ್ ಒಟ್ಟಿಗೆ ನಡುಗಿದರೆ? ಆಗ ಚಾನೆಲ್ ಫೇಡರ್‌ಗಳನ್ನು ಮುಟ್ಟಬೇಡಿ. ಮಾಸ್ಟರ್ ಫೇಡರ್ ನೋಡಿ.

ಡಬ್ಲ್ಯೂಡಿ-40 ಹೊಡೆಯಬಹುದಾ?

ಬೇಡ. ಆ ಕ್ಷಣಕ್ಕೆ ಸರಿಹೋದ ಹಾಗೆ ಕಾಣುತ್ತದೆ. ಆಮೇಲೆ ಉಳಿಯುವ ಜಿಡ್ಡಿಗೆ ಇನ್ನಷ್ಟು ಧೂಳು ಅಂಟುತ್ತದೆ.

ಬದಲಿ ಫೇಡರ್ ತರುವಾಗ ಅಂಗಡಿಯಲ್ಲಿ ಏನು ಕೇಳಬೇಕು?

ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಹಳ ಬೋರ್ಡ್‌ಗಳಲ್ಲಿ ಇರುವುದು 10 ಕಿಲೋ ಓಮ್, ಲೀನಿಯರ್ (ಸಮನಾಗಿ ಏರುವಂಥದ್ದು). ನಾಲಿಗೆ ಓಡುವ ಉದ್ದ 60 ಮಿಲಿಮೀಟರೋ 45ಓ ಅಳೆಯಿರಿ. ಸ್ಕ್ರೂ ತೂತುಗಳ ದೂರ, ಕಾಲುಗಳು ಇರುವ ಜಾಗ, ಹಿಡಿಯ ದಪ್ಪ ಇವೂ ಕೂಡಬೇಕು. ಮೇಲಿನ ಅಕ್ಷರ ನಂಬಿ ತರಬೇಡಿ. ಏಷ್ಯಾದ ಕಂಪನಿಗಳು ಲೀನಿಯರ್‌ಗೆ ಬಿ ಎಂದು ಬರೆಯುತ್ತವೆ, ಯುರೋಪಿನ ಹಳೆಯ ಫೇಡರ್‌ಗಳಲ್ಲಿ ಎ ಎಂದು ಇರಬಹುದು. ನಾಲಿಗೆಯನ್ನು ನಟ್ಟನಡುವೆ ನಿಲ್ಲಿಸಿ ಓಮ್ ಅಳೆಯಿರಿ. 10ರಲ್ಲಿ 5 ಬಂದರೆ ಲೀನಿಯರ್. ಆಡಿಯೋಗೆ ಮಾಡಿದ ಲಾಗ್ ಫೇಡರ್ ಹಾಕಿದರೆ ಲೈಟ್ ಅರ್ಧದವರೆಗೆ ಏರುವುದೇ ಇಲ್ಲ, ಆಮೇಲೆ ಒಮ್ಮೆಲೇ ಏರುತ್ತದೆ. ಕೈಲಿ ಫೇಡ್ ಮಾಡುವವರಿಗೆ ಅದು ನರಕ.

ಒಂದು ಫೇಡರ್ ಎತ್ತಿದರೆ ಬೇರೆ ಚಾನೆಲ್‌ಗಳೂ ಸಣ್ಣಗೆ ಉರಿಯುತ್ತವೆ.

ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಹೀಗೆ ಮಾಡಿದರೆ ಕಾಮನ್ ವೈರ್ ಕಡಿದಿದೆ. ವಾಪಸ್ ಹೋಗಲು ದಾರಿ ಇಲ್ಲದ ಕರೆಂಟ್ ಬೇರೆ ಚಾನೆಲ್‌ಗಳ ಮೂಲಕ ದಾರಿ ಹುಡುಕುತ್ತದೆ. ಕೇಬಲ್‌ನ ಎರಡೂ ತುದಿಯ ಪ್ಲಗ್ ಬಿಚ್ಚಿ ನೋಡಿ. ಹೆಚ್ಚಾಗಿ ಬೆಸುಗೆ ಬಿಟ್ಟಿರುತ್ತದೆ, ಯಾಕೆಂದರೆ ಎಳೆತ ಬೀಳುವುದೇ ಅಲ್ಲಿ.

ಒಂದೇ ಒಂದು ಜೋಡಿ ಚಾನೆಲ್ ಹೀಗೆ ಮಾಡಿದರೆ ಪ್ಲಗ್‌ನಲ್ಲಿ ಅಕ್ಕಪಕ್ಕದ ಪಿನ್ನುಗಳು ಮುಟ್ಟುತ್ತಿವೆಯಾ ನೋಡಿ.

ಎ ಸಾಲಿನಲ್ಲಿ ಏಳನೇ ಚಾನೆಲ್ ಬರುತ್ತೆ, ಬಿ ಸಾಲಿನಲ್ಲಿ ಬರಲ್ಲ. ಇದೇನು?

ಒಳ್ಳೆಯ ಸುದ್ದಿ. ಏಳನೇ ಚಾನೆಲ್‌ನ ಔಟ್‌ಪುಟ್, ಕೇಬಲ್, ಡಿಮ್ಮರ್, ಲೈಟ್ ಎಲ್ಲ ಸರಿಯಿವೆ ಎಂದು ಎ ಸಾಲು ಆಗಲೇ ಹೇಳಿದೆ. ಉಳಿದದ್ದು ಬಿ ಸಾಲಿನ ಏಳನೇ ಫೇಡರ್ ಮತ್ತು ಅದರ ಡಯೋಡ್.

ಸರಳ ಅನಲಾಗ್ ಬೋರ್ಡ್‌ಗಳಲ್ಲಿ ಪ್ರತಿ ಫೇಡರ್ ಒಂದು ಡಯೋಡ್ ದಾಟಿ ಔಟ್‌ಪುಟ್‌ಗೆ ಸೇರುತ್ತದೆ. ಎರಡು ಸಾಲುಗಳಲ್ಲಿ ಯಾವುದು ಜಾಸ್ತಿಯೋ ಅದೇ ಗೆಲ್ಲಲಿ ಅಂತ ಈ ವ್ಯವಸ್ಥೆ. ಡಯೋಡ್ ಕಡಿದರೆ ಆ ಫೇಡರ್ ಸತ್ತ ಹಾಗೆ. ಶಾರ್ಟ್ ಆದರೆ ಒಂದು ಸಾಲು ಇನ್ನೊಂದನ್ನು ಕೆಳಗೆ ಎಳೆಯುತ್ತದೆ. ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಅಳೆಯಿರಿ. ಒಂದು ದಿಕ್ಕಿನಲ್ಲಿ 0.5 ಇಂದ 0.7, ಇನ್ನೊಂದರಲ್ಲಿ ಏನೂ ಬರಬಾರದು. ಸಾಮಾನ್ಯವಾಗಿ ಇರುವುದು 1ಎನ್4148. ಚಿಲ್ಲರೆ ಕಾಸಿನ ಸಾಮಾನು.

ಸರ್ಕ್ಯೂಟ್ ನಕ್ಷೆ ಇಲ್ಲ. ರಿಪೇರಿ ಸಾಧ್ಯವಾ?

ಖಂಡಿತ ಸಾಧ್ಯ. 12 ಚಾನೆಲ್ ಬೋರ್ಡ್ ಅಂದರೆ ಒಂದೇ ಸರ್ಕ್ಯೂಟ್ 12 ಸಲ ಇದೆ ಎಂದರ್ಥ. ಕೆಟ್ಟ ಚಾನೆಲ್‌ನ ಪಕ್ಕದಲ್ಲಿ ಸರಿಯಿರುವ 11 ಮಾದರಿಗಳಿವೆ. ಎರಡರಲ್ಲೂ ಫೇಡರನ್ನು ಒಂದೇ ಎತ್ತರದಲ್ಲಿಟ್ಟು, ಒಂದೊಂದೇ ಜಾಗದಲ್ಲಿ ವೋಲ್ಟೇಜ್ ಅಳೆದು ಹೋಲಿಸುತ್ತಾ ಹೋಗಿ. ಎಲ್ಲಿ ಬೇರೆ ಅಂಕಿ ಬರುತ್ತದೋ ಅಲ್ಲಿ ಸುತ್ತಮುತ್ತ ತಪ್ಪಿದೆ. ಅಳೆದದ್ದನ್ನು ಕಾಗದದಲ್ಲಿ ಬರೆದು ಬೋರ್ಡಿನ ಒಳಗೇ ಅಂಟಿಸಿ. ಮುಂದೆ ಬಿಚ್ಚುವವರಿಗೆ ಅದೇ ನಕ್ಷೆ.

ಹೋಲಿಸುವಾಗ ಬೆಸುಗೆಗಳನ್ನೂ ನೋಡಿ. ಫೇಡರ್ ಕಾಲುಗಳಿಗೆ ದಿನವೂ ತಳ್ಳಾಟ. ಕಾಲಿನ ಸುತ್ತ ಕೂದಲೆಳೆಯಷ್ಟು ಸಣ್ಣ ಕಪ್ಪು ಉಂಗುರ ಕಂಡರೆ ಬೆಸುಗೆ ಬಿರುಕು ಬಿಟ್ಟಿದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಚೆನ್ನಾಗಿ ಕಾಣುತ್ತದೆ. ಹಳೆಯ ಸೀಸ ತೆಗೆದು ಹೊಸದಾಗಿ ಬೆಸೆಯಿರಿ.

ಬೋರ್ಡ್ ಆನ್ ಆಗುವುದೇ ಇಲ್ಲ, ಅಥವಾ ಆನ್ ಆಗಿ ಹುಚ್ಚುಹುಚ್ಚಾಗಿ ಆಡುತ್ತದೆ.

ಸಾಕೆಟ್, ಪ್ಲಗ್, ಫ್ಯೂಸ್. ಫ್ಯೂಸ್ ಬದಲಿಸಿದ ಕೂಡಲೇ ಮತ್ತೆ ಹೋದರೆ ದೊಡ್ಡ ಫ್ಯೂಸ್ ಹಾಕಬೇಡಿ, ಒಳಗೆ ಶಾರ್ಟ್ ಇದೆ.

ಹಳೆಯ ಬೋರ್ಡ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ದೊಡ್ಡ ಕೆಪಾಸಿಟರ್, ಮೂರು ಕಾಲಿನ ರೆಗ್ಯುಲೇಟರ್ ಇರುತ್ತವೆ. 7805 ಎಂಬ ರೆಗ್ಯುಲೇಟರ್ ಕಂಡರೆ ಅದರ ಔಟ್‌ಪುಟ್ 4.75 ಇಂದ 5.25 ವೋಲ್ಟ್ ಒಳಗಿರಬೇಕು. ಹಾಗಿದ್ದರೂ ಬೋರ್ಡ್ ಹುಚ್ಚಾಟ ಆಡಿದರೆ ಮೀಟರನ್ನು ಎಸಿಗೆ ತಿರುಗಿಸಿ ಅದೇ ಜಾಗದಲ್ಲಿ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಕೆಪಾಸಿಟರ್ ಒಣಗಿದೆ. ತಲೆ ಉಬ್ಬಿದ, ಬುಡದಲ್ಲಿ ಕಂದು ಕಲೆ ಇರುವ ಕೆಪಾಸಿಟರ್‌ಗಳನ್ನು ಅಳೆಯುವ ಅಗತ್ಯವೇ ಇಲ್ಲ, ಬದಲಿಸಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರಲಿ, 105 ಡಿಗ್ರಿಯದ್ದು ಕೇಳಿ ತನ್ನಿ. ಪ್ಲಸ್ ಮೈನಸ್ ಉಲ್ಟಾ ಹಾಕಿದರೆ ಸಿಡಿಯುತ್ತದೆ.

ವೋಲ್ಟೇಜ್ ಎಲ್ಲ ಸರಿ, ಆದರೂ ಆಗಾಗ ಸ್ತಬ್ಧವಾಗುತ್ತದೆ ಅಂದರೆ ಸಾಕೆಟ್ಟಿನಲ್ಲಿ ಕೂತಿರುವ ಐಸಿಗಳನ್ನು ನೋಡಿ. ಬಿಸಿಯಾಗಿ ತಣ್ಣಗಾಗಿ ವರ್ಷಗಳಲ್ಲಿ ಅವು ಮೇಲೆದ್ದು ಬರುತ್ತವೆ. ಪ್ಲಗ್ ಕಿತ್ತು, ಲೋಹದ ಕವಚ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೊಂಡು, ಹೆಬ್ಬೆರಳಿನಿಂದ ಒತ್ತಿ ಕೂರಿಸಿ. ಸ್ಟಿಕರ್ ಅಂಟಿಸಿದ ಐಸಿ ಇದ್ದರೆ ಸ್ಟಿಕರ್ ಕೀಳಬೇಡಿ. ಅದರ ಕೆಳಗಿನ ಗಾಜಿನ ಕಿಟಕಿಗೆ ಬಿಸಿಲು ಬಿದ್ದರೆ ಕಾಲಕ್ರಮೇಣ ಬೋರ್ಡಿನ ಪ್ರೋಗ್ರಾಂ ಅಳಿಸಿಹೋಗುತ್ತದೆ. ಇಂಥ ಐಸಿಗೆ ಇಪ್ರಾಂ ಎಂದು ಹೆಸರು, ಅದನ್ನು ಓದುವ ಸಾಧನ ಇರುವವರು ಸಿಕ್ಕರೆ ಅದರ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.

ಮೆಮೊರಿ ಬೋರ್ಡ್ ರಾತ್ರಿ ಕಳೆದರೆ ಎಲ್ಲ ಕ್ಯೂ (ಉಳಿಸಿಟ್ಟ ಬೆಳಕಿನ ಹೊಂದಿಕೆಗಳು) ಮರೆಯುತ್ತದೆ.

ಬ್ಯಾಟರಿ ಮುಗಿದಿದೆ. ತೆಗೆಯುವ ಮೊದಲು ಈಗಿರುವ ಕ್ಯೂಗಳನ್ನೆಲ್ಲ ಕಾಗದಕ್ಕೆ ಇಳಿಸಿಕೊಳ್ಳಿ. ನಾಟಕದ ಬೆಳಕಿನ ವಿನ್ಯಾಸ ಒಬ್ಬರ ತಿಂಗಳುಗಟ್ಟಲೆ ಕೆಲಸ. ಅದನ್ನು ಒಂದು ಬ್ಯಾಟರಿಯ ಮೇಲೆ ಬಿಡುವುದು ಸರಿಯಲ್ಲ.

ಸಿಆರ್2032 ಥರದ ಬಿಲ್ಲೆ ಇದ್ದರೆ ಸುಮ್ನೆ ಬದಲಿಸಿ, ಹೊಸದು 3 ವೋಲ್ಟ್ ತೋರಿಸಬೇಕು. ಕಷ್ಟ ಇರುವುದು ಬೆಸೆದು ಕೂರಿಸಿದ 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯಲ್ಲಿ. ಅದು ಸೋರುತ್ತದೆ. ಸೋರಿದ ದ್ರವ ಕ್ಷಾರ, ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಸುತ್ತ ಹಸಿರು, ನೀಲಿ ಪುಡಿ ಕಂಡರೆ ತಡಮಾಡಬೇಡಿ. ಕೈಗವಸು ಹಾಕಿ ಬ್ಯಾಟರಿ ಕತ್ತರಿಸಿ ತೆಗೆಯಿರಿ. ಹತ್ತಿಗೆ ವಿನೆಗರ್ ಅದ್ದಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು ಒಣಗಿಸಿ. ತಿಂದುಹೋದ ಗೆರೆಯ ಬದಲು ಸಣ್ಣ ವೈರ್ ಬೆಸೆಯಿರಿ.

ಬೋರ್ಡ್ ಆ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿರುತ್ತದೆ. ಅದರ ಜಾಗಕ್ಕೆ ಚಾರ್ಜ್ ಆಗದ ಲಿಥಿಯಂ ಬಿಲ್ಲೆ ಹಾಕುವುದಾದರೆ ಚಾರ್ಜ್ ಕರೆಂಟ್ ಒಳಹೋಗದಂತೆ ಡಯೋಡ್ ಹಾಕಲೇಬೇಕು. ಇಲ್ಲದಿದ್ದರೆ ಬಿಲ್ಲೆ ಸಿಡಿಯಬಹುದು.

ಡಿಎಂಎಕ್ಸ್ ಬೋರ್ಡ್. ಲೈಟ್‌ಗಳು ತಾವಾಗಿಯೇ ಮಿಣುಕುತ್ತವೆ.

ಬೋರ್ಡಿನ ಆದೇಶವನ್ನು ಡಿಮ್ಮರ್, ಲೈಟ್‌ಗಳಿಗೆ ಅಂಕಿಗಳಾಗಿ ಕಳಿಸುವ ನಿಯಮವೇ ಡಿಎಂಎಕ್ಸ್512. ಅದು ಬಂದದ್ದು 1986ರಲ್ಲಿ, ತಿದ್ದಿದ್ದು 1990ರಲ್ಲಿ. ಒಂದೇ ಕೇಬಲ್‌ನಲ್ಲಿ 512 ಚಾನೆಲ್, ಸೆಕೆಂಡಿಗೆ 2,50,000 ಬಿಟ್. ಈ ವೇಗದಲ್ಲಿ ಕೇಬಲ್ ತುದಿ ಖಾಲಿ ಬಿಟ್ಟರೆ ಸಿಗ್ನಲ್ ಹಿಂದಕ್ಕೆ ಪುಟಿಯುತ್ತದೆ. ಕೊನೆಯ ಲೈಟಿನ ಔಟ್ ಸಾಕೆಟ್ಟಿಗೆ ಟರ್ಮಿನೇಟರ್ ಹಾಕಿ: ಒಂದು ಎಕ್ಸ್‌ಎಲ್‌ಆರ್ ಪ್ಲಗ್ಗಿನ 2 ಮತ್ತು 3ನೇ ಪಿನ್ ನಡುವೆ 120 ಓಮ್ ರೆಸಿಸ್ಟರ್ ಬೆಸೆದರೆ ಆಯಿತು. ಮಿಣುಕುವ ದೂರುಗಳಲ್ಲಿ ಎಷ್ಟೋ ಇಷ್ಟಕ್ಕೇ ನಿಲ್ಲುತ್ತವೆ. ವೈ ಕೇಬಲ್ ಹಾಕಿ ಕವಲು ಒಡೆಯಬೇಡಿ. ಒಂದು ಸಾಲಿಗೆ 32ಕ್ಕಿಂತ ಹೆಚ್ಚು ಸಾಧನ ಪೋಣಿಸಬೇಡಿ.

ಯಾವ ಕೇಬಲ್ ಹಾಕಿದರೂ ಔಟ್‌ಪುಟ್ ಇಲ್ಲವೇ ಇಲ್ಲ ಅಂದರೆ 75176 ಎಂಬ ಎಂಟು ಕಾಲಿನ ಡ್ರೈವರ್ ಐಸಿ ಸುಟ್ಟಿರಬಹುದು. ಮೂರು ಪಿನ್ನಿನ ಪ್ಲಗ್ ಇದ್ದರೆ ಈ ಅಪಾಯ ಜಾಸ್ತಿ. ಅದು ಮೈಕಿನ ಪ್ಲಗ್ ಥರವೇ ಇರುತ್ತದೆ. ಯಾರೋ ಸೌಂಡ್ ಮಿಕ್ಸರಿಗೆ ಸಿಕ್ಕಿಸಿದರೆ ಮಿಕ್ಸರ್ ಮೈಕಿಗೆಂದು ಕೊಡುವ 48 ವೋಲ್ಟ್ ಫ್ಯಾಂಟಮ್ ಒಳಬರುತ್ತದೆ, ಐಸಿ ತಡೆಯುವುದು 12 ವೋಲ್ಟ್ ಮಾತ್ರ. ಹೊಸ ಐಸಿಯನ್ನು ನೇರ ಬೆಸೆಯದೆ ಸಾಕೆಟ್ ಹಾಕಿ ಕೂರಿಸಿ. ಮುಂದಿನ ಸಲ ಎರಡು ನಿಮಿಷದ ಕೆಲಸ.

ಹಳೆಯ ಬೋರ್ಡಿಗೆ ಹೊಸ ಎಲ್‌ಇಡಿ ಲೈಟ್ ಜೋಡಿಸಬಹುದಾ?

ಡಿಎಂಎಕ್ಸ್ ಔಟ್‌ಪುಟ್ ಇದ್ದರೆ ಆಗುತ್ತದೆ. ಎಲ್‌ಇಡಿಯ ಪವರ್ ಪ್ಲಗ್ಗನ್ನು ಮಾತ್ರ ಡಿಮ್ಮರಿಗೆ ಹಾಕಬೇಡಿ, ನೇರ 230 ವೋಲ್ಟ್ ಕೊಡಿ. ಒಂದೊಂದು ಲೈಟ್ ಮೂರು ನಾಲ್ಕು ಚಾನೆಲ್ ಕೇಳುವುದರಿಂದ 24 ಫೇಡರ್ ಬೇಗ ಮುಗಿಯುತ್ತವೆ.

1986ರ ನಿಯಮದ ತೀರಾ ಹಳೆಯ ಬೋರ್ಡನ್ನು ಕೆಲವು ಹೊಸ ಲೈಟ್‌ಗಳು ಗುರುತಿಸುವುದಿಲ್ಲ. ಪ್ರತಿ ಸಂದೇಶದ ಆರಂಭದಲ್ಲಿ ಬರುವ ಒಂದು ಗುರುತಿನ ಅವಧಿ ಆಗ 4 ಮೈಕ್ರೋಸೆಕೆಂಡ್ ಇತ್ತು, 1990ರಲ್ಲಿ ಅದನ್ನು 8 ಮಾಡಿದರು. ನಡುವೆ ಸಿಗ್ನಲ್ಲನ್ನು ಹೊಸದಾಗಿ ಕಟ್ಟಿ ಕಳಿಸುವ ಡಿಎಂಎಕ್ಸ್ ಮರ್ಜರ್ ಇಟ್ಟರೆ ಸರಿಹೋಗಬಹುದು.

ಫ್ಲಾಪಿ ಡ್ರೈವ್ ಓದುತ್ತಿಲ್ಲ.

ಮಲೆನಾಡು, ಕರಾವಳಿಯಲ್ಲಿ ಫ್ಲಾಪಿಗೆ ಬೂಸು ಹಿಡಿಯುತ್ತದೆ. ಅಂಥ ಡಿಸ್ಕ್ ಹಾಕಿದರೆ ಹೆಡ್ ಕೂಡ ಹಾಳು. ಫ್ಲಾಪಿ ಜಾಗಕ್ಕೆ ಪೆನ್‌ಡ್ರೈವ್ ಸಿಕ್ಕಿಸುವ ಗೋಟೆಕ್ ಥರದ ಎಮ್ಯುಲೇಟರ್ ಸಿಗುತ್ತದೆ. ನಿಮ್ಮ ಡ್ರೈವ್ 720 ಕೆಬಿಯದೋ 1.44 ಎಂಬಿಯದೋ ನೋಡಿ ತನ್ನಿ.

ಜನರೇಟರ್ ಹಾಕಿದಾಗ ಮಾತ್ರ ತೊಂದರೆ.

ಜಾತ್ರೆ, ಬಯಲು ಪ್ರದರ್ಶನಗಳಲ್ಲಿ ಇದು ಇದ್ದದ್ದೇ. ಡಿಮ್ಮರ್ 50 ಹರ್ಟ್ಸ್ ಅಲೆ ಸೊನ್ನೆ ದಾಟುವ ಕ್ಷಣ ನೋಡಿಕೊಂಡು ಕೆಲಸ ಮಾಡುತ್ತದೆ. ಜನರೇಟರ್ ಓಟ ಏರುಪೇರಾದರೆ ಎಲ್ಲ ಲೈಟೂ ಮಿಣುಕುತ್ತವೆ. ಬೋರ್ಡ್ ಬಿಚ್ಚಿ ಪ್ರಯೋಜನ ಇಲ್ಲ. ಬೋರ್ಡಿಗೆ ಒಂದು ಯುಪಿಎಸ್ ಕೊಡಿ, ಅದಾದರೂ ಉಳಿಯುತ್ತದೆ. ಮೂರು ಫೇಸ್‌ನಲ್ಲಿ ನ್ಯೂಟ್ರಲ್ ಬಿಟ್ಟರೆ 230 ಇರಬೇಕಾದಲ್ಲಿ 400ರ ಹತ್ತಿರ ಬರಬಹುದು. ಪ್ಲಗ್ ಹಾಕುವ ಮುನ್ನ ಪ್ರತಿ ಸಲ ಅಳೆಯಿರಿ.

ಮಳೆಗಾಲದಲ್ಲಿ ಹೇಗೆ ಇಡಬೇಕು?

ನೆಲದ ಮೇಲೆ ಇಡಬೇಡಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಹಾಕಿ, ನೀರು ಹೀರಿದಾಗ ಬದಲಿಸಿ. ವಾರಕ್ಕೊಮ್ಮೆ ಒಂದು ಗಂಟೆ ಆನ್ ಮಾಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಎಲ್ಲ ಫೇಡರ್‌ಗಳನ್ನೂ ಒಮ್ಮೆ ಮೇಲೆ ಕೆಳಗೆ ಓಡಿಸಿ. ಕೇಬಲ್ ಹೋಗುವ ತೂತುಗಳನ್ನು ಮುಚ್ಚಿ, ಇಲಿಗೂ ಇರುವೆಗೂ ದಾರಿ ಅದೇ.

ಯಾವಾಗ ಕೈಬಿಡಬೇಕು?

ಪ್ರೋಗ್ರಾಂ ಇರುವ ಐಸಿ ಸತ್ತು, ಅದರ ಪ್ರತಿ ಎಲ್ಲೂ ಸಿಗದಿದ್ದರೆ. ಆ ಕಂಪನಿಯೇ ಮಾಡಿದ ವಿಶೇಷ ಐಸಿ ಸುಟ್ಟರೆ. ಬ್ಯಾಟರಿ ದ್ರವ ಬಹುಪದರದ ಬೋರ್ಡಿನ ಒಳಪದರ ತಿಂದಿದ್ದರೆ. ಈ ಮೂರು ಬಿಟ್ಟರೆ ಬೇರೆ ಕಾರಣಕ್ಕೆ ಬಿಡಬೇಡಿ. ಅನಲಾಗ್ ಬೋರ್ಡ್ ಆಗಿದ್ದರಂತೂ ಈ ಮೂರರ ಭಯವೂ ಇಲ್ಲ.

ಕೊನೆಗೂ ಬಿಡಲೇಬೇಕಾದರೆ ಹಳೆಯ ಅನಲಾಗ್ ಡಿಮ್ಮರ್‌ಗಳನ್ನು ಅದರ ಜೊತೆ ಎಸೆಯಬೇಡಿ. ಡಿಎಂಎಕ್ಸ್ ಅನ್ನು 0-10 ವೋಲ್ಟ್‌ಗೆ ಬದಲಿಸುವ ಡೀಮಕ್ಸ್ ಪೆಟ್ಟಿಗೆ ಇಟ್ಟರೆ ಅವು ಹೊಸ ಬೋರ್ಡಿನ ಮಾತನ್ನೂ ಕೇಳುತ್ತವೆ. ಹಳೆಯ ಬೋರ್ಡಿನಿಂದ ಸರಿಯಿರುವ ಫೇಡರ್, ಹಿಡಿ, ಬಟನ್, ಟ್ರಾನ್ಸ್‌ಫಾರ್ಮರ್, ಸಾಕೆಟ್ ಬಿಚ್ಚಿ, ಹೆಸರು ಬರೆದು ಡಬ್ಬದಲ್ಲಿಡಿ. ಪಕ್ಕದೂರಿನ ತಂಡದ ಬಳಿ ಅದೇ ಮಾದರಿಯ ಬೋರ್ಡ್ ಇದ್ದರೆ ಡಬ್ಬವನ್ನು ಅವರಿಗೇ ಕೊಡಿ.